ಹೊರೆಯಿಲ್ಲದೆ ಅಳೆದದ್ದು

ಕಾರ್ನಿಯಾದ ಕಣಿವೆಯಲ್ಲಿ ಜನವರಿಯ ಸೂರ್ಯ
ಹನ್ನೊಂದಕ್ಕೆ ಬಂದು ಎರಡಕ್ಕೆ ಎದ್ದುಹೋಗುವ ನೆಂಟ.
ನೀವೆಸ್ ಆರೂವರೆಗೇ ಫೋನು ಮಾಡಿದಳು:
"ಎರ್ಮೆಸ್, ನೀನು ಹಾಕಿದ ಹೊಸ ಮೋಟಾರೂ ಸತ್ತಿದೆ."
ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ವ್ಯಾನಿನ ಗಾಜಿನ ಮಂಜುಗಡ್ಡೆ ಕೆರೆಯುತ್ತ ಲೆಕ್ಕ ಹಾಕಿದೆ:
ಮೋಟಾರಿಗೆ ತೊಂಬತ್ತು, ಕೂಲಿ ಐವತ್ತು,
ಹೋಗಿಬರುವ ದಾರಿಗೆಂದು ಹದಿನೈದು ಯೂರೋ.
ಒಲೆ ಉರಿದದ್ದು ಹನ್ನೊಂದು ದಿನ.
ದಿನಕ್ಕೆಷ್ಟು ಬಿತ್ತೆಂದು ಭಾಗಿಸಹೋಗಿ
ತಿರುವಿನಲ್ಲಿ ಚಕ್ರ ಜಾರಿತು; ಭಾಗಾಕಾರ ಬಿಟ್ಟೆ.

ಒಲೆ ತಣ್ಣಗೆ ಕೂತಿತ್ತು.
ಹೊಟ್ಟೆ ತುಂಬ ಗುಳಿಗೆಗಳು,
ಮರದ ಹೊಟ್ಟು ಒತ್ತಿ ಮಾಡಿದ ಕಿರುಬೆರಳ ತುದಿಯಷ್ಟರ ತುಂಡುಗಳು,
ಗಂಟಲಿಗೆ ಒಂದೂ ಇಳಿದಿಲ್ಲ.
ತುಂಬಿದ ಕಣಜದ ಕೆಳಗೆ ಉಪವಾಸ.
ಪರದೆಯ ಮೇಲೆ ಕೆಂಪಕ್ಷರ: ಬೆಂಕಿ ಇಲ್ಲ.
ಗೊತ್ತಪ್ಪ, ಅದು ನನಗೂ ಕಾಣುತ್ತದೆ.

ಹಿಂಬದಿಯ ತಗಡು ಬಿಚ್ಚಿ, ಬೂದಿ ಊದಿ,
ಮೋಟಾರಿನ ಎರಡು ತಂತಿ ಕಳಚಿ
ಬೋರ್ಡಿನಿಂದ ಬರುವ ತುದಿಗಳಿಗೆ ಮೀಟರಿನ ಮೊನೆ ಮುಟ್ಟಿಸಿದೆ.
ಇನ್ನೂರ ಹದಿನೆಂಟು ವೋಲ್ಟು.
ಹೋದ ಸಲವೂ ಇಷ್ಟೇ ತೋರಿಸಿತ್ತು;
ಅದನ್ನೇ ನಂಬಿ ತೀರ್ಪು ಕೊಟ್ಟಿದ್ದೆ:
ಬೋರ್ಡು ನಿರಪರಾಧಿ, ಮೋಟಾರು ಗುಜರಿಗೆ.

ಆಗ ಅಡುಗೆಮನೆಯಿಂದ ಒಂದು ಸದ್ದು,
ಸಣ್ಣ ಗೊಣಗು, ನಡುನಡುವೆ ಹಲ್ಲು ಕಡಿತ.
ಎಲ್ಲಿದ್ದರೂ ನನ್ನ ಕಿವಿ ಗುರುತಿಸುವ ಗೇರಿನ ದನಿ.
ಎದ್ದುಹೋಗಿ ನೋಡಿದೆ.

ಗ್ಯಾಸಿನ ಮೇಲೆ ತಾಮ್ರದ ಹಂಡೆ,
ಹಂಡೆಗೆ ಅಡ್ಡ ಮರದ ಪಟ್ಟಿ, ಪಟ್ಟಿಗೆ ಬಿಗಿದ
ಸತ್ತಿದೆಯೆಂದು ನಾನೇ ಬರೆದುಕೊಟ್ಟಿದ್ದ ಹಳೆಯ ಮೋಟಾರು.
ತಂತಿ ನೇರ ಗೋಡೆಯ ಪ್ಲಗ್ಗಿಗೆ. ಮೂಗಿಗೊಂದು ಕಟ್ಟಿಗೆಯ ಸೌಟು.
ನಿಮಿಷಕ್ಕೆ ಐದು ಸುತ್ತು, ಅವಸರವಿಲ್ಲದೆ
ಹಳದಿ ಪೊಲೆಂಟಾ ಗಂಟಾಗದಂತೆ ತೊಳಸುತ್ತಿದೆ.

"ಆಲ್ದಾ ಮಾಡಿದ್ದು," ಎಂದಳು ನೀವೆಸ್
ಶಾಲೆಯ ಬಸ್ಸಿನ ಬೀಗದಕೈ ಹುಡುಕುತ್ತ.
"ನೀನು ಮರೆತುಹೋದ ಡಬ್ಬಿಯಲ್ಲಿತ್ತು.
ನಲವತ್ತು ನಿಮಿಷ ರಟ್ಟೆ ನೋಯುವುದು ತಪ್ಪಿತು."
ಹನ್ನೆರಡರ ಆಲ್ದಾ ಬ್ರೆಡ್ಡಿನ ಅಂಚು ಕಡಿಯುತ್ತ
ನನ್ನನ್ನಲ್ಲ, ಸೌಟನ್ನು ನೋಡುತ್ತ ಹೇಳಿದಳು:
"ಮೊದಲು ಗೋಡೆಗೆ ಚುಚ್ಚಿ ನೋಡಿದೆ. ತಿರುಗಿತು."

ಮೊದಲು ಗೋಡೆಗೆ ಚುಚ್ಚಿ ನೋಡಿದೆ.
ನಾನು ಇಪ್ಪತ್ತಾರು ವರ್ಷದಿಂದ ಈ ಕಸುಬಿನಲ್ಲಿದ್ದೇನೆ.

ಮರಳಿ ಮೊಣಕಾಲೂರಿದೆ. ಅವಳ ಓದುದೀಪದ
ಹಳೇ ನಮೂನೆಯ ಬಲ್ಬು ಬೇಡಿ ತಂದು
ಅದೇ ತುದಿಗಳಿಗೆ ಕಟ್ಟಿದೆ, ಮೀಟರನ್ನೂ ಜೊತೆಗಿಟ್ಟು.
ಬಲ್ಬಿನ ಎಳೆ ಕೆಂಪಗೂ ಆಗಲಿಲ್ಲ.
ಇನ್ನೂರ ಹದಿನೆಂಟು ಎಂದದ್ದು ಕ್ಷಣದಲ್ಲಿ ಮೂರು.
ಹೊರೆ ಇಲ್ಲದಾಗ ಪೂರ್ತಿ ತೋರಿಸಿ
ಹೊರೆ ಬಿದ್ದೊಡನೆ ಕೈಕೊಡುವ ಜಾತಿ.

ಬೋರ್ಡು ಬಿಚ್ಚಿ ಕಿಟಕಿಗೆ ಹಿಡಿದೆ.
ಹಿಮದ ಬೆಳಕಿನಲ್ಲಿ ಸಿಕ್ಕಿತು: ಟ್ರಯಾಕಿನ ಮೂರು ಕಾಲಲ್ಲಿ
ನಡುವಿನದರ ಬೆಸುಗೆಗೆ ಕೂದಲೆಳೆಯ ಬಿರುಕು.
ಹೋದ ಸಲ ನಾನು ತಂತಿ ಎಳೆದಾಡಿದ ಅದುರಿಗೆ
ಹೇಗೋ ಕೂಡಿಕೊಂಡು ಹನ್ನೊಂದು ದಿನ ದುಡಿದಿತ್ತು.
ಅದನ್ನು ನಾನು ನನ್ನ ಕೈಗುಣ ಅಂದುಕೊಂಡಿದ್ದೆ.

ಬೆಸುಗೆ ಹಾಕಿದೆ. ರಾಳದ ಹೊಗೆ ಕಣ್ಣಿಗೆ ಬಂತು.
ಸ್ಕ್ರೂ ಒಮ್ಮೆ ನಡುಗಿ ತಿರುಗಿತು;
ಮೊದಲ ಗುಳಿಗೆ ಟಪ್ಪೆಂದು ಬಟ್ಟಲಿಗೆ ಬಿತ್ತು,
ಆಮೇಲೆ ನಾಲ್ಕು, ಆಮೇಲೆ ಎಣಿಸಲಿಲ್ಲ.

ತೊಂಬತ್ತು ಯೂರೋ ಮೇಜಿನ ಮೇಲಿಟ್ಟೆ.
ನೀವೆಸ್ ಬೇಡವೆನ್ನಲಿಲ್ಲ. ಎಣಿಸಿಕೊಂಡಳು.
"ಹಾಗಾದರೆ ಹೊಸದನ್ನು ಬಿಚ್ಚಿಕೊಂಡು ಹಳೆಯದನ್ನೇ ಹಾಕು."
ಆಲ್ದಾ ಹಂಡೆಗೆ ಬೆನ್ನು ಕೊಟ್ಟು ನಿಂತಳು.
ಇರಲಿ ಬಿಡು, ಎಂದೆ.

ಸಂಜೆ ನನ್ನ ಶೆಡ್ಡಿನ ಮೂಲೆಯಲ್ಲಿ
ವರ್ಷಗಳಿಂದ ಬಿದ್ದಿದ್ದ ಹದಿನಾಲ್ಕು ಮೋಟಾರನ್ನು
ಒಂದೊಂದಾಗಿ ಗೋಡೆಗೆ ಚುಚ್ಚಿದೆ.
ಐದನೆಯದು ತಿರುಗಿತು.
ಏಳನೆಯದೂ.
ಅದು ಯಾರ ಮನೆಯದೆಂದು ನೆನೆಯುತ್ತ
ಸ್ವಿಚ್ಚು ಆರಿಸದೆ ನಿಂತಿದ್ದೆ.