ಬಳಸಿದವರ ಸಂಖ್ಯೆ

ಇಪ್ಪತ್ತೆರಡು ಮೆಟ್ಟಿಲು.
ಹನ್ನೊಂದಕ್ಕೆ ಒಂದು ತಿರುವು. ಅಲ್ಲಿ ಕುರ್ಚಿ ಗೋಡೆಗೆ ತಾಗುತ್ತದೆ,
ತಾಗಿ ತಾಗಿ ಸುಣ್ಣ ಉದುರಿ
ಕುರ್ಚಿ ಬೆನ್ನಿನದೇ ಆಕಾರದ ಗುಳಿ ಬಿದ್ದಿದೆ.
ಮೇಲೆ ಹೆರಿಗೆ ವಾರ್ಡು. ಕೆಳಗೆ ಆಂಬ್ಯುಲೆನ್ಸು.
ನಡುವೆ ನಾನು, ಬೋರಲಿಂಗ.

ಮೊದಲು ಹಾಸನದ ಮಂಡಿಯಲ್ಲಿ ಆಲೂಗಡ್ಡೆ ಹೊತ್ತವನು ನಾನು.
ಐವತ್ತು ಕೇಜಿ ಮೂಟೆ
ಹೆಗಲೇರಿದ ಮೇಲೆ ಮಾತಾಡುವುದಿಲ್ಲ.
ಇಲ್ಲಿ ಹೊರೆ ಕೇಳುತ್ತದೆ:
"ಅಣ್ಣಾ, ಭಾರ ಆದ್ನಾ?"
ದೊಡ್ಡಮಗ್ಗೆಯವಳು, ಮಲ್ಲಿಪಟ್ಟಣದವಳು,
ಹೊಗೆಸೊಪ್ಪಿನ ಬ್ಯಾರನ್ನಿನಿಂದ ನೇರ ಎದ್ದು ಬಂದವಳು,
ಎಲ್ಲರದೂ ಅದೇ ಪ್ರಶ್ನೆ.
"ಇಲ್ಲ ಕಣವ್ವ" ಅನ್ನಲು ಉಸಿರು ಬೇಕು.
ಆ ಉಸಿರನ್ನು ನಾನು ಹದಿನೇಳನೇ ಮೆಟ್ಟಿಲಿಗೆ ಉಳಿಸಿಕೊಂಡಿರುತ್ತೇನೆ.

ಲಿಫ್ಟು ಇಲ್ಲವೇ ಇಲ್ಲ ಎಂದಲ್ಲ.
ಲಿಫ್ಟಿನ ಬಾವಿ ಇದೆ, ಕಟ್ಟಡದ ಜೊತೆಗೇ ಕಟ್ಟಿದ್ದು.
ಯಂತ್ರಕ್ಕೆ ಮಂಜೂರಾತಿ ಬರಬೇಕು.
ಬರುವವರೆಗೆ ಅಂತ ಬಾಗಿಲಿಗೆ ಹಲಗೆ ಬಡಿದಿದ್ದಾರೆ,
ಹಲಗೆಯ ಹಿಂದೆ ಪಾರಿವಾಳ.
ಅವು ಮಾತ್ರ ಯಾರ ಸಹಿಯೂ ಇಲ್ಲದೆ
ಕೆಳಗಿಂದ ಮೇಲೆ ಹೋಗಿ ಮೊಟ್ಟೆ ಇಡುತ್ತವೆ.

ಕಡತದ ಕಥೆ ಆಫೀಸಿನ ವಿಶಾಲಾಕ್ಷಮ್ಮ ಮೇಡಂ ಹೇಳಿದ್ದು.
ಅರಕಲಗೂಡಿಂದ ಹಾಸನಕ್ಕೆ ಹೋಗಿದ್ದು ಒಂದೇ ದಿನ.
ಹಾಸನದಲ್ಲಿ ಎಂಟು ತಿಂಗಳು ಪರಿಶೀಲನೆ.
ಬೆಂಗಳೂರಿಗೆ ಹೋಯಿತು, ದರಪಟ್ಟಿ ಹಳೇದು ಅಂತ ವಾಪಸು ಬಂತು.
ಹೊಸ ದರ ಹಾಕಿದರು. ಹೋಗುವಷ್ಟರಲ್ಲಿ ಅದೂ ಹಳೇದು.
ಆಮೇಲೆ ಚುನಾವಣೆ, ನೀತಿಸಂಹಿತೆ,
ಒಬ್ಬ ಸಾಹೇಬರ ವರ್ಗ, ಇನ್ನೊಬ್ಬರ ಹಸಿರು ಶಾಯಿಯಲ್ಲಿ
"ಚರ್ಚಿಸಿ" ಎಂಬ ಒಂದೇ ಪದ.
ಯಾರು, ಯಾರ ಜೊತೆ, ಬರೆದಿರಲಿಲ್ಲ.
ಐದನೇ ವರ್ಷಕ್ಕೆ ಪತ್ರ ಬಂತು:
*ಕಳೆದ ಮೂರು ವರ್ಷಗಳಲ್ಲಿ ಸದರಿ ಲಿಫ್ಟನ್ನು
ಬಳಸಿದವರ ಸಂಖ್ಯೆಯನ್ನು ನಮೂದಿಸಿ
ಅಗತ್ಯವನ್ನು ದೃಢೀಕರಿಸುವುದು.*

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.
ಸುಳ್ಳು ಬರೆದು ಗೊತ್ತಿಲ್ಲದ ಹೆಂಗಸು.
ಸೊನ್ನೆ ಎಂದು ಬರೆದರು.
ಮೂರೇ ವಾರಕ್ಕೆ ಉತ್ತರ. ಅಷ್ಟು ಬೇಗ ಯಾವತ್ತೂ ಬಂದಿದ್ದಿಲ್ಲ:
*ಬಳಕೆ ಶೂನ್ಯವಿರುವುದರಿಂದ
ಪ್ರಸ್ತಾವನೆಯನ್ನು ಮುಕ್ತಾಯಗೊಳಿಸಿದೆ.*

ಅವತ್ತಿಂದ ನಾನೇ ಲೆಕ್ಕ ಇಡುತ್ತಿದ್ದೇನೆ.
ಮಗಳ ನೂರು ಪುಟದ ನೋಟ್‌ಬುಕ್ಕು, ಅರ್ಧ ಅವಳ ಗಣಿತ.
ಹೆಸರು, ಊರು, ಹೊತ್ತು.
ಪುಟ್ಟಗೌರಿ, ಬಸವಾಪಟ್ಟಣ, ರಾತ್ರಿ ಎರಡೂಕಾಲು.
ನಸೀಬಾ, ಕೊಣನೂರು, ಕರೆಂಟಿಲ್ಲ, ಬಾಯಲ್ಲಿ ಟಾರ್ಚು.
ಬೋರಲಿಂಗನಿಗೆ ಓದು ಬಾರದು, ಓದಿ ಹೇಳಿದರೆ ತಪ್ಪು ಹಿಡಿಯುತ್ತಾನೆ.
"ಹತ್ತಿಸಿದ್ದು ಒಬ್ಬಳು ಅಂತ ಬರ್ದಿದೀಯ.
ಇಳಿದೋರು ಇಬ್ರು.
ಲೆಕ್ಕ ತಾಳೆ ಆಗಲ್ಲ ಕಣ್ಲಾ."
ನಕ್ಕೆವು. 'ಇಳಿದವರು' ಅಂತ ಇನ್ನೊಂದು ಗೀಟು ಎಳೆದೆ.

ಗೀಟು ಎಳೆಯಬಾರದಿತ್ತು.
ಯುಗಾದಿಗೆ ವಾರ ಇತ್ತು. ರಾಮನಾಥಪುರದ ಕಡೆಯ ಹುಡುಗಿ.
ತಿರುವಿನಲ್ಲಿ ನನ್ನ ಮುಂಗೈ ಮೇಲೆ ಬೆಚ್ಚಗೆ ಹರಿಯಿತು,
ನೀರು ಅಂದುಕೊಂಡೆ.
ಐದು ಮೆಟ್ಟಿಲು ಓಡಿದೆವು.
ಉಳಿದ ಆರು ಓಡಲಾಗಲಿಲ್ಲ.
ಆ ಸಾಲಿನಲ್ಲಿ ಗೀಟಿನ ಆಚೆ ಒಂದು, ಈಚೆ ಒಂದು.
ತಾಳೆ ಆಗಿದೆ.
ಬೋರಲಿಂಗ ಆವತ್ತು ಓದಿಸಿಕೊಳ್ಳಲಿಲ್ಲ.

ಮೊನ್ನೆ ಮೇಡಂ ನೋಟ್‌ಬುಕ್ಕು ಈಸಿಕೊಂಡು
ಹೊಸ ಪ್ರಸ್ತಾವನೆಗೆ ಪೋಣಿಸಿ ಕಳಿಸಿದರು. *ಅಡಕ: ಒಂದು.*
ಮಗಳ ಭಾಗಾಕಾರಗಳೂ ಹಾಸನಕ್ಕೆ ಹೋಗಿವೆ.
ಪರೀಕ್ಷೆ ಹತ್ತಿರ, ಯಾವಾಗ ವಾಪಸು ಬರುತ್ತೆ ಅಂತ ದಿನಾ ಕೇಳುತ್ತಾಳೆ.
ಪರಿಶೀಲನೆಯಲ್ಲಿದೆ ಅನ್ನುತ್ತೇನೆ,
ಅಂದು, ನನ್ನ ಬಾಯಿಗೆ ಆ ಮಾತು ಎಷ್ಟು ಸಲೀಸು ಬಂತು ಅಂತ
ಸುಮ್ಮನಾಗುತ್ತೇನೆ.

ಕೆಳಗೆ ಹಾರನ್ನು.
ಬೋರಲಿಂಗ ಆಗಲೇ ಕುರ್ಚಿ ಎತ್ತಿದ.