ಹತ್ತು ನಿಮಿಷಕ್ಕೊಂದು ಗೋಡೆ

ಸಿದ್ದಾಪುರದ ಕಾಫಿ ಮಂಡಿಯಲ್ಲಿ ನಾನು ರೈಟರು.
ಹೆಸರು ದೊಡ್ಡದು; ಬರೆಯುವುದು ಬರೀ ಅಂಕಿ:
ಮೂಟೆ, ತೂಕ, ತೇವ, ಔಟ್‌ಟರ್ನು,
ಕಡೆಗೊಂದು ಗೆರೆ, ಗೆರೆಯ ಕೆಳಗೆ ದುಡ್ಡು.

ಕಂಪ್ಯೂಟರು ಬಂದಾಗಿನಿಂದ ಅದರ ಮುಖದ ಮೇಲೆ
ಒಂದೇ ಹಸಿರು ಗುಡ್ಡ, ಒಂದೇ ನೀಲಿ ಬಾನು.
ಯಾರ ಗುಡ್ಡವೋ. ಒಂದು ಸಿಲ್ವರ್ ಓಕ್ ಇಲ್ಲ,
ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇಲ್ಲ,
ಆನೆ ನುಗ್ಗಿ ಮುರಿದ ಬೇಲಿ ಇಲ್ಲ,
ಅಷ್ಟೊಂದು ಹುಲ್ಲಿನಲ್ಲಿ ನಡೆದರೂ
ಕಾಲಿಗೊಂದು ಜಿಗಣೆ ಹತ್ತುವ ಭರವಸೆ ಇಲ್ಲ.
"ಅಕ್ಕನ ತೋಟವಾ ಇದು?" ಎಂದು ಕೇಳಿದ್ದ
ಲಾರಿಯ ಸುಬೈರ್. ತಮಾಷೆಗೇ ಇರಬೇಕು.

ಮಾರ್ಚಿನ ಒಂದು ಮಧ್ಯಾಹ್ನ, ಹೂಮಳೆ ಬಿದ್ದು ವಾರ ಕಳೆದು
ಊರಿಗೆ ಊರೇ ಕಾಫಿ ಹೂವಿನ ವಾಸನೆಗೆ ತಲೆ ಹಿಡಿದಿದ್ದಾಗ,
ಪ್ರಿಂಟರ್ ರಿಪೇರಿಗೆ ಬಂದ ನೌಷಾದ್ ಹೇಳಿಕೊಟ್ಟ:
ಖಾಲಿ ಜಾಗದಲ್ಲಿ ಬಲಗಡೆ ಒತ್ತಿ,
ಚಿತ್ರ ಬೇಡ, ಸ್ಲೈಡ್‌ಶೋ ಅನ್ನಿ,
ಫೋಲ್ಡರ್ ತೋರಿಸಿ, ಹೊತ್ತು ಹೇಳಿ.
ಮಿಕ್ಕದ್ದು ಅದೇ ನೋಡಿಕೊಳ್ಳುತ್ತದೆ.

ಹೊತ್ತು: ಹತ್ತು ನಿಮಿಷ.
ಒಂದು ಲೋಟ ಬೆಲ್ಲದ ಕಾಪಿ ಆರುವಷ್ಟು.

ಅಳತೆಯೇ ಕಷ್ಟವಾದದ್ದು.
'ತುಂಬು' ಎಂದರೆ ಅಪ್ಪನ ಮದುವೆಯ ಪೇಟ ಕತ್ತರಿಸಿಹೋಗುತ್ತದೆ.
'ಎಳೆ' ಎಂದರೆ, ಬದುಕಿದ್ದಷ್ಟು ದಿನ ತೆಳ್ಳಗಿದ್ದವರು
ಸತ್ತ ಮೇಲೆ ದಪ್ಪಗಾಗುತ್ತಾರೆ.
'ಹೆಂಚಿನಂತೆ ಜೋಡಿಸು' ಎಂದರೆ ಇಪ್ಪತ್ತನಾಲ್ಕು ಅಪ್ಪಂದಿರು,
ಇಪ್ಪತ್ತನಾಲ್ವರೂ ನಾನು ಬರೆಯುವುದನ್ನೇ ನೋಡುತ್ತಾರೆ.
'ನಡುವೆ ಇರಿಸು' ಎಂದೆ.
ಕಪ್ಪು ಕಣದಲ್ಲಿ ಗುಡಿಸದೆ ಉಳಿದ
ಒಂದು ಕಾಳಿನ ಹಾಗೆ ಕೂತರು.

ಆರಿಸಿ ಹಾಕಲು ಸೋಮಾರಿತನ; ಫೋನಿನದೆಲ್ಲ ಸುರಿದೆ,
ಗೋಣಿಯ ಬಾಯಿ ಬಿಚ್ಚಿ ಕೊಡವಿದ ಹಾಗೆ.
ಕುಟ್ಟದ ಗಡಿಯಲ್ಲಿ ತಂಗಿ. ಮಡಿಕೇರಿಯ ಮಂಜು,
ಮಂಜಿನೊಳಗೆ ನನ್ನ ಗಂಡ (ಕಾಣುವುದಿಲ್ಲ, ಇದ್ದಾರೆ).
ಗ್ಯಾಸಿನ ಬಿಲ್ಲು. ಮೂಟೆಗಳ ಮೇಲೆ ಮಲಗಿದ ಮಂಡಿಯ ನಾಯಿ.
ಮೂರು ಸಲ ನನ್ನದೇ ಹೆಬ್ಬೆರಳು.

ಹಾಲುಗುಂದದ ಪೂವಮ್ಮಕ್ಕ ಬಂದರು,
ಒಂಬತ್ತು ಮೂಟೆಯ ಬಾಕಿ ದುಡ್ಡಿಗೆ.
ಕೊಡೆ ಒರಗಿಸಿ ಎದುರು ಕೂತರು.
ಮಾನಿಟರಿನ ಕತ್ತನ್ನು ಅವರ ಕಡೆ ತಿರುಗಿಸಿದವಳು ನಾನೇ,
ನಾಯಿಯನ್ನು ತೋರಿಸಲೆಂದು.

ನೋಡುತ್ತಿದ್ದಂತೆ ನಾಯಿ ಕರಗಿತು.
ಅದರ ಹೊಟ್ಟೆಯೊಳಗಿಂದ ಮೆಲ್ಲಗೆ
ತೇವ ನೋಡುವ ಮೀಟರು ಮೂಡಿತು:
ಹತ್ತು ಪಾಯಿಂಟ್ ಒಂಬತ್ತು.
ಹಿಂದೆ ಗೋಣಿಯ ಮೇಲೆ ಸೀಮೆಸುಣ್ಣದಲ್ಲಿ, ನನ್ನದೇ ಅಕ್ಷರ:
ಪೂವಮ್ಮ, ಹಾಲುಗುಂದ.
ಹೊಸ ಫೋನಿನ ಕ್ಯಾಮೆರಾ ಹೇಗಿದೆ ಎಂದು ತೆಗೆದದ್ದು,
ದೇವರಾಣೆ, ಸಾಕ್ಷಿಗಲ್ಲ.
ಪುಸ್ತಕದಲ್ಲಿದ್ದದ್ದು ಹನ್ನೆರಡು ಪಾಯಿಂಟ್ ನಾಲ್ಕು.
ಯಜಮಾನರ ಬಾಯಿ, ನನ್ನ ಕೈ.

ಪೂವಮ್ಮಕ್ಕ ಕನ್ನಡಕ ತೆಗೆದರು,
ಸೀರೆಯಂಚಿನಲ್ಲಿ ಒರೆಸಿದರು, ಹಾಕಿದರು.
"ಫೋಟೋ ಚೆನ್ನಾಗಿ ಬಂದಿದೆ" ಎಂದರು.
ಇನ್ನೇನೂ ಅನ್ನಲಿಲ್ಲ.

ಹತ್ತು ನಿಮಿಷ ಎಷ್ಟು ಉದ್ದವೆಂದು
ಆವತ್ತು ಗೊತ್ತಾಯಿತು.
ಒಂದು ಕಿಟಕಿ ತೆರೆದಿದ್ದರೆ ಗೋಡೆ ಮುಚ್ಚಿಹೋಗುತ್ತಿತ್ತು.
ಇಲಿಯ ಮೇಲಿಟ್ಟ ಕೈ ಅಲ್ಲೇ ಬೆವರಿತು.
ಆಮೇಲೆ ಪೆನ್ನು ಹುಡುಕಿದೆ,
ಹಳೆಯ ಅಂಕಿಗೆ ಗೆರೆ ಎಳೆದೆ, ಪಕ್ಕದಲ್ಲಿ ಬರೆದೆ.
ಹನ್ನೊಂದು ವರ್ಷದಲ್ಲಿ ಅದೊಂದನ್ನೇ
ನಾನು ಬರೆದೆ ಅನ್ನಬಹುದು.

ಸಂಜೆ ಯಜಮಾನರು ಗೆರೆ ನೋಡಿದರು, ಪರದೆ ನೋಡಿದರು.
"ಆ ಹಳೇ ಗುಡ್ಡವೇ ಇರಲಿ, ಕಣ್ಣಿಗೆ ತಂಪು."

ಇದೆ. ಗುಡ್ಡವೂ ಇದೆ, ಕೆಲಸವೂ ಇದೆ.
ಅಭ್ಯಾಸಬಲ, ಲೆಕ್ಕದ ನಡುವೆ ಆಗಾಗ ತಲೆ ಎತ್ತುತ್ತೇನೆ:
ಹುಲ್ಲು. ಬಾನು.

ಪೂವಮ್ಮಕ್ಕ ಮಾತ್ರ ಈಗಲೂ ಬಂದರೆ
ಕುರ್ಚಿಯನ್ನು ಸ್ವಲ್ಪ ಈಚೆ ಎಳೆದು
ಗುಡ್ಡದ ಎದುರೇ ಕೂರುತ್ತಾರೆ,
ಕೊಡೆ ಒರಗಿಸಿ, ಕನ್ನಡಕ ಹಾಕಿ,
ಕಾಯುತ್ತಾರೆ.