ಕೂಡಿ ಕಳೆದದ್ದು

ಬೆಳಗಿನ ಪ್ಯಾಸೆಂಜರಿಗೆ ಮಂಡ್ಯದಲ್ಲಿ ಹತ್ತಿದರೆ
ಸೀಟು ಸಿಗುವುದು ಅಪರೂಪ.
ಬಾಗಿಲ ಪಕ್ಕ, ಬ್ಯಾಗನ್ನು ಹೊಟ್ಟೆಗೊತ್ತಿಕೊಂಡು
ನಿನ್ನೆಯ ಪ್ರಮೇಯವನ್ನು ಕಣ್ಣುಮುಚ್ಚಿ ಹೇಳಿಕೊಳ್ಳುತ್ತೇನೆ.
ಯಲಿಯೂರು ದಾಟುವಷ್ಟರಲ್ಲಿ ಮೊದಲ ಸಾಲು ಬರುತ್ತದೆ,
ಪಾಂಡವಪುರದಲ್ಲಿ ಯಾರದೋ ಹಾಲಿನ ಕ್ಯಾನು ಮೊಣಕಾಲಿಗೆ ಬಡಿದು
ಎರಡನೆಯದು ಹೋಗುತ್ತದೆ.

"ಏನವ್ವ, ಮಂತ್ರವಾ?" ಅಂದಳು ಸೊಪ್ಪಿನ ಮಂಕರಿಯಾಕೆ.
"ಇಲ್ಲ ಕಣವ್ವ, ಲೆಕ್ಕ."
"ಲೆಕ್ಕ ಅಂತೀಯ, ಒಂದು ಅಂಕಿನೂ ಬರ್ನಿಲ್ವಲ್ಲ?"
ಇಡೀ ಸೆಮಿಸ್ಟರಿನಲ್ಲಿ ಯಾರೂ ಕೇಳದ
ಸರಿಯಾದ ಪ್ರಶ್ನೆ.
ಉತ್ತರ ಹುಡುಕುವುದರೊಳಗೆ ಸೇತುವೆ ಬಂತು,
ಅವಳು ಹೊಳೆಗೆ ಕೈ ಮುಗಿದಳು.

ಹತ್ತನೇ ಕ್ಲಾಸಿನವರೆಗೆ ಎಲ್ಲವೂ
ದತ್ತದಿಂದ ಹೊರಟು ಸಾಧನೀಯದ ಮನೆ ಸೇರುತ್ತಿತ್ತು.
ಮೈಸೂರಿನಲ್ಲಿ ಎಲ್ಲ ಇಂಗ್ಲಿಷು.
ತಲೆಕೆಳಗಾಗಿ ನಿಂತ ಎ,
ಬೆನ್ನು ತಿರುಗಿಸಿ ಕೂತ ಇ.
ನೋಡಿ ಒಂದು ಸಮಾಧಾನವೂ ಆಯಿತು:
ಈ ಬೋರ್ಡಿನ ಮೇಲೆ ಇಂಗ್ಲಿಷಿಗೂ
ನೆಟ್ಟಗೆ ನಿಲ್ಲಲು ಬರುವುದಿಲ್ಲ.

ಸೇರಿದಾಗ ಅರವತ್ತೊಂದು ಜನ.
ಇಂಜಿನಿಯರಿಂಗ್ ಕೌನ್ಸೆಲಿಂಗ್ ಮುಗಿದ ವಾರ ಹತ್ತೊಂಬತ್ತು.
ಉಳಿದವರನ್ನು ದೇವಾಜಮ್ಮಣ್ಣಿ ಮೇಡಂ
ಹೆಸರು ಹಿಡಿದು ಕರೆಯತೊಡಗಿದರು, ಅದು ಇನ್ನೂ ಕಷ್ಟ.

ಎರಡು ಫಂಕ್ಷನ್ನುಗಳ ಗುಣಲಬ್ಧದ ಮಿತಿ.
ಸಾಧನೆಯ ನಡುವೆ ಮೇಡಂ ಎಲ್ಲಿಂದಲೋ ಒಂದು ಪದ ತಂದು
ಕೂಡಿದರು. ಅದನ್ನೇ ಕಳೆದರು.
"ಇದು ಎಲ್ಲಿಂದ ಬಂತು ಮೇಡಂ?" ತಸ್ಕೀನ್ ಎದ್ದು ನಿಂತಳು.
"ಬರುತ್ತೆ," ಅಂದರು ಸೆರಗಿನ ಚಾಕ್‌ಪುಡಿ ಕೊಡವಿ,
"ಬರೆದೂ ಬರೆದೂ ಬರುತ್ತೆ."
ನನಗೆ ಬಂದದ್ದು ಇಪ್ಪತ್ತಕ್ಕೆ ನಾಲ್ಕು.
ಪ್ರತಿ ಸಾಲಿನ ಪಕ್ಕದಲ್ಲೂ ಕೆಂಪು ಇಂಕಿನಲ್ಲಿ,
ಅದೊಂದು ಮಾತ್ರ ಕನ್ನಡದಲ್ಲಿ: ಯಾಕೆ?

ಸೋದರತ್ತೆಯೂ ಕೇಳುತ್ತಾಳೆ, ಯಾಕೆ.
ಇದ್ನ ಓದಿ ಏನಾಯ್ತೀಯ, ಬಿಎಡ್ಡಾ, ಬ್ಯಾಂಕಾ?
ನಾನು ಕಾಫಿ ಲೋಟ ತೊಳೆಯಲು ಏಳುತ್ತೇನೆ.

ಆಗ ಕಬ್ಬು ಅರೆಯುವ ಹಂಗಾಮು.
ಅಪ್ಪನಿಗೆ ಕಾರ್ಖಾನೆಯ ತೂಕದ ಮನೆಯಲ್ಲಿ ರಾತ್ರಿ ಪಾಳಿ.
ಬುತ್ತಿ ಹಿಡಿದು ಹೋದಾಗ ಗೇಟಿನಾಚೆಗೂ ಲಾರಿ ಸಾಲು,
ಸುಟ್ಟ ಬೆಲ್ಲದಂಥ ಗಾಳಿ.
ಕಬ್ಬು ಕೆಡವಿ ಬಂದ ಒಂದು ಖಾಲಿ ಲಾರಿ ತಟ್ಟೆಯ ಮೇಲೆ ನಿಂತಿತ್ತು,
ಡ್ರೈವರು ಇಳಿದು ಬೀಡಿ ಹಚ್ಚುತ್ತಿದ್ದ.
ಅಪ್ಪ ಕಿಟಕಿಯಿಂದ ಕೂಗಿದ:
"ಹತ್ತಲೇ ಸಿದ್ದಪ್ಪಾಜಿ! ತುಂಬಿದ್ದಾಗ ಒಳಗೆ ಕೂತಿದ್ದೋನು
ಈಗ್ಲೂ ಕೂತಿರ್ಬೇಕು.
ಇಲ್ದಿದ್ರೆ ನಿನ್ನೂ ಕಬ್ಬು ಅಂತ ಅರೀಬೇಕಾಯ್ತದೆ!"

ಲಾರಿಯವರೆಲ್ಲ ನಕ್ಕರು. ನಾನು ನಗಲಿಲ್ಲ.
ಕೈಯಲ್ಲಿ ಬುತ್ತಿ, ಮುದ್ದೆ ಆರುತ್ತಿದೆ,
ನೋಡುತ್ತಿದ್ದೇನೆ: ಸಿದ್ದಪ್ಪಾಜಿ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿ
ಹತ್ತಿ ಕೂತ.
ಕೂಡಿದರು. ಕಳೆದರು.
ಚೀಟಿಯಲ್ಲಿ ಉಳಿದದ್ದು ಬರೀ ಕಬ್ಬು.
ಅವನ ಹೆಸರಿಗೆ ಒಂದು ಕಿಲೋ ಇಲ್ಲ,
ಅವನಿಲ್ಲದೆ ಒಂದು ಜಲ್ಲೆಯೂ
ಗದ್ದೆ ಬಿಟ್ಟು ಬರುತ್ತಿರಲಿಲ್ಲ.

ಹಾಳಾದ ತೂಕದ ಚೀಟಿಯೊಂದರ ಹಿಂಭಾಗದಲ್ಲಿ
ಆ ಸಾಧನೆಯನ್ನು ನೋಡದೆ ಬರೆದೆ.
ನಡುವಿನ ಸಾಲಿಗೆ ಬಂದಾಗ
ಬೀಡಿಯ ವಾಸನೆ ಬಂದಂತಾಯಿತು.

ಮುಂದಿನ ಟೆಸ್ಟಿನಲ್ಲಿ ಹನ್ನೊಂದು. ದೊಡ್ಡದೇನಲ್ಲ.
ಎರಡು ಯಾಕೆಗಳು ಹಾಗೇ ಉಳಿದವು,
ಒಂದಂತೂ ನ್ಯಾಯವಾದದ್ದೇ.
ತಸ್ಕೀನ್‌ಗೆ ಲಾರಿಯ ಕತೆ ಹೇಳಿದೆ, ಕ್ಯಾಂಟೀನಿನಲ್ಲಿ,
ಒಂದು ಇಡ್ಲಿ ಇಬ್ಬರ ನಡುವೆ.
ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು: "ಸಿದ್ದಪ್ಪಾಜಿ ಪದ".

ಮೊನ್ನೆ ಅಪ್ಪನನ್ನು ಕೇಳಿದೆ,
ಸಿದ್ದಪ್ಪಾಜಿ ಎಷ್ಟು ತೂಕ ಇರಬಹುದು?
ಮೂವತ್ತೊಂದು ವರ್ಷ ತೂಗಿದವನು
ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ.
"ಸಾವಿರ ಸಲ ತೂಗಿವ್ನಿ ಕಣವ್ವ," ಅಂದ,
"ಗೊತ್ತಿಲ್ಲ."